ಗೋಧಿ ಬಿಡುವ ಮೊದಲು

"ಗೋಧಿ ನನಗೆ ಆಗಿಬರಲ್ಲ" ಎಂಬ ಮಾತು ಈಗ ಹಳ್ಳಿ, ಪಟ್ಟಣ ಎನ್ನದೆ ಕೇಳಿಬರುತ್ತಿದೆ. ರಾತ್ರಿ ಚಪಾತಿ ತಿಂದರೆ ಹೊಟ್ಟೆ ಉಬ್ಬರ, ಬೆಳಿಗ್ಗೆ ಉಪ್ಪಿಟ್ಟು ತಿಂದರೆ ಮಧ್ಯಾಹ್ನದವರೆಗೂ ತೇಗು, ಪರೋಟ ತಿಂದ ಮಾರನೇ ದಿನ ಎರಡು ಮೂರು ಸಲ ಹೊಟ್ಟೆ ಕೆಡುವುದು. ಹೀಗೆ ಅನುಮಾನ ಹುಟ್ಟಿದವರು ಸಾಮಾನ್ಯವಾಗಿ ನಾಳೆಯಿಂದಲೇ ಗೋಧಿ ನಿಲ್ಲಿಸಿಬಿಡುತ್ತಾರೆ. ಅನುಮಾನ ಪಡುವುದು ತಪ್ಪಲ್ಲ. ನಿಲ್ಲಿಸಿ ನೋಡುವುದೂ ತಪ್ಪಲ್ಲ. ಆದರೆ ಆ ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ರಕ್ತಪರೀಕ್ಷೆ, ಆಮೇಲೆ ಗೋಧಿ ಬಿಡುವುದು, ಕೊನೆಗೆ ಮತ್ತೆ ತಿಂದು ನೋಡುವುದು. ಬಹಳ ಮಂದಿ ನಡುವಿನ ಹೆಜ್ಜೆಯೊಂದನ್ನೇ ಇಟ್ಟು, ಮೊದಲಿನದನ್ನೂ ಕೊನೆಯದನ್ನೂ ಬಿಟ್ಟುಬಿಡುತ್ತಾರೆ. ಅದರಿಂದ ನಿಜವಾದ ಕಾಯಿಲೆ ಇದ್ದವರಿಗೆ ಕಾಯಿಲೆ ಗೊತ್ತಾಗುವುದಿಲ್ಲ. ಇಲ್ಲದವರು ಕಾರಣವಿಲ್ಲದೆ ವರ್ಷಗಟ್ಟಲೆ ಪಥ್ಯ ಮಾಡುತ್ತಾರೆ. ಹರದನಹಳ್ಳಿ, ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಈ ವಿಷಯದಲ್ಲಿ ಒಂದು ದೊಡ್ಡ ಅನುಕೂಲವಿದೆ: ಹಿಟ್ಟು (ರಾಗಿಮುದ್ದೆ) ಸಾರು ಉಣ್ಣುವ ಮನೆಯಲ್ಲಿ ಗೋಧಿ ಇಲ್ಲದ ಊಟವನ್ನು ಹೊಸದಾಗಿ ಕಲಿಯಬೇಕಿಲ್ಲ. ಆ ಅನುಕೂಲವನ್ನು ಸರಿಯಾದ ಕ್ರಮದಲ್ಲಿ ಬಳಸಿಕೊಳ್ಳುವುದು ಹೇಗೆ ಎಂಬುದನ್ನು ನೋಡೋಣ.

ಗೋಧಿಯ ಮೇಲಿನ ಅನುಮಾನ ಸಾಮಾನ್ಯವಾಗಿ ಬೀಳುವುದು ಅದರಲ್ಲಿರುವ ಗ್ಲುಟೆನ್ ಮೇಲೆ. ಗ್ಲುಟೆನ್ ಎಂದರೇನು ಎಂಬುದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಹೋಳಿಗೆಗೆ ಕಣಕ ಕಲಸಿ, ಎಣ್ಣೆ ಹಾಕಿ, ನೆನೆಯಲು ಬಿಡುತ್ತಾರೆ. ಒಂದೆರಡು ಗಂಟೆಯ ಮೇಲೆ ಬೆರಳಲ್ಲಿ ಎಳೆದರೆ ಅದು ಹರಿಯದೆ ರಬ್ಬರಿನಂತೆ ಹಿಗ್ಗುತ್ತದೆ, ಹೂರಣದ ಸುತ್ತ ತೆಳುವಾಗಿ ಹಬ್ಬುತ್ತದೆ. ಹಾಗೆ ಹಿಗ್ಗಿಸುವ ಜಿಗುಟೇ ಗ್ಲುಟೆನ್. ಮೈದಾ ಉಂಡೆಯೊಂದನ್ನು ನೀರಿನಲ್ಲಿ ಹಿಸುಕುತ್ತಾ ತೊಳೆದರೆ ಪಿಷ್ಟವೆಲ್ಲ ಬಿಳಿ ನೀರಾಗಿ ಹೋಗಿ, ಕೈಯಲ್ಲಿ ಅಗಿಯುವ ಗೋಂದಿನಂಥ ಮುದ್ದೆ ಉಳಿಯುತ್ತದೆ. ಅದೂ ಹೆಚ್ಚುಕಡಿಮೆ ಅದೇ ವಸ್ತು. ಇದು ಗೋಧಿಯಲ್ಲಿದೆ, ಇದರ ದಾಯಾದಿಗಳು ಬಾರ್ಲಿಯಲ್ಲೂ ರೈ ಎಂಬ ಧಾನ್ಯದಲ್ಲೂ ಇವೆ. ರಾಗಿಹಿಟ್ಟನ್ನು ತಣ್ಣೀರಲ್ಲಿ ಕಲಸಿ ಎಳೆಯಲು ಹೋದರೆ ತುಂಡಾಗುತ್ತದೆ, ರಾಗಿರೊಟ್ಟಿಯನ್ನು ಲಟ್ಟಿಸದೆ ತಟ್ಟುತ್ತಾರೆ, ಮುದ್ದೆ ಕಟ್ಟಲು ಕುದಿಯುವ ಎಸರೇ ಬೇಕು. ಇದಕ್ಕೆಲ್ಲ ಕಾರಣ ಒಂದೇ, ರಾಗಿಯಲ್ಲಿ ಆ ಜಿಗುಟಿಲ್ಲ. ಅಕ್ಕಿ, ಜೋಳ, ಮುಸುಕಿನ ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಎಲ್ಲ ಬೇಳೆಕಾಳುಗಳಲ್ಲೂ ಇಲ್ಲ. ಕಪ್ಲಿ, ಎಮ್ಮರ್ ಎಂದು ಹೆಚ್ಚಿನ ಬೆಲೆಗೆ ಮಾರುವ ಹಳೆಯ ತಳಿಯ ಗೋಧಿಯಲ್ಲಿ ಮಾತ್ರ ಇದ್ದೇ ಇದೆ.

ಒಂದೇ ದೂರು, ಮೂರು ಕಾರಣ

ಗೋಧಿ ತಿಂದರೆ ತೊಂದರೆ ಎಂಬ ದೂರಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಮೊದಲನೆಯದು ಸೀಲಿಯಾಕ್ ಕಾಯಿಲೆ. ಇದರಲ್ಲಿ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಮೇಲೆ ತಿರುಗಿಬೀಳುತ್ತದೆ. ಆಹಾರದ ಸತ್ವ ಹೀರುವ ಸೂಕ್ಷ್ಮ ಕುಚ್ಚುಗಳು ಸವೆದುಹೋಗುತ್ತವೆ. ಭೇದಿ, ತೂಕ ಇಳಿಯುವುದು ಇದರ ಪ್ರಸಿದ್ಧ ಲಕ್ಷಣಗಳಾದರೂ, ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತಹೀನತೆ, ಮಗು ಎತ್ತರ ಬೆಳೆಯದಿರುವುದು, ಮೂಳೆ ಟೊಳ್ಳಾಗುವುದು, ಮತ್ತೆ ಮತ್ತೆ ಬರುವ ಬಾಯಿಹುಣ್ಣು ಇವಷ್ಟೇ ಕಾಣಿಸಿಕೊಳ್ಳಲೂಬಹುದು. ಎರಡನೆಯದು ಗೋಧಿಯ ಅಲರ್ಜಿ. ತಿಂದ ನಿಮಿಷಗಳಲ್ಲಿ ಅಥವಾ ಒಂದೆರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ಉಸಿರುಕಟ್ಟುವಿಕೆ ಬರುತ್ತದೆ. ಇಂಥವರು ಮನೆಯಲ್ಲಿ ತಿಂದು ನೋಡುವ ಪ್ರಯೋಗಕ್ಕೆ ಕೈಹಾಕಲೇಬಾರದು, ನೇರ ವೈದ್ಯರ ಬಳಿ ಹೋಗಬೇಕು. ಮೂರನೆಯದು, ಈ ಎರಡೂ ಇಲ್ಲದೆ ಗೋಧಿ ತಿಂದಾಗ ಹೊಟ್ಟೆ ಉಬ್ಬರ, ನೋವು, ಆಯಾಸ ಆಗುವುದು. ಇದಕ್ಕೆ ಸೀಲಿಯಾಕ್ ಅಲ್ಲದ ಗೋಧಿ ಅಸಹಿಷ್ಣುತೆ ಎನ್ನುತ್ತಾರೆ. ಇದನ್ನು ಹಿಡಿದು ತೋರಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ. ಮೊದಲಿನ ಎರಡನ್ನು ತಳ್ಳಿಹಾಕಿದ ಮೇಲೆ, ಬಿಟ್ಟು ನೋಡಿ, ತಿಂದು ನೋಡಿಯೇ ತೀರ್ಮಾನಿಸಬೇಕು.

ಸೀಲಿಯಾಕ್ ನಮ್ಮ ಕಡೆಯ ಕಾಯಿಲೆಯೇ ಅಲ್ಲವಲ್ಲ ಎಂಬ ಆಕ್ಷೇಪಕ್ಕೆ ಅಂಕಿಅಂಶದ ಬಲವಿದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಭಾರತ, ಈಶಾನ್ಯ ಭಾರತ ಮತ್ತು ದಕ್ಷಿಣ ಭಾರತದ 23,331 ಆರೋಗ್ಯವಂತ ವಯಸ್ಕರನ್ನು ಪರೀಕ್ಷಿಸಿತು. ಉತ್ತರದಲ್ಲಿ ಸಾವಿರಕ್ಕೆ 8.53 ಮಂದಿಗೆ ಸೀಲಿಯಾಕ್ ಇದ್ದರೆ, ದಕ್ಷಿಣದಲ್ಲಿ ಆ ಪ್ರಮಾಣ 0.11 ಮಾತ್ರ. ಆದರೆ ಅದೇ ಅಧ್ಯಯನದ ಇನ್ನೆರಡು ಅಂಕಿಗಳನ್ನೂ ಪಕ್ಕದಲ್ಲಿಟ್ಟು ಓದಬೇಕು. ಈ ಕಾಯಿಲೆಗೆ ಅವಕಾಶ ಕೊಡುವ ವಂಶವಾಹಿಗಳು ಉತ್ತರದವರಲ್ಲಿ ಶೇಕಡ 38.1ರಷ್ಟು, ದಕ್ಷಿಣದವರಲ್ಲಿ ಶೇಕಡ 36.4ರಷ್ಟು ಕಂಡುಬಂದವು, ಅಂದರೆ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದದ್ದು 25 ಗ್ರಾಂ. ಅಂದಮೇಲೆ ದಕ್ಷಿಣದವರ ದೇಹ ಬೇರೆ ಎಂದು ಹೇಳಲು ಬರುವುದಿಲ್ಲ. ಗೋಧಿ ಕಡಿಮೆ ತಿನ್ನುತ್ತಿದ್ದದ್ದೇ ಇಲ್ಲಿ ಕಾಯಿಲೆ ಕಡಿಮೆ ಕಾಣಲು ಒಂದು ಕಾರಣವಿರಬಹುದು ಎಂಬುದು ಹತ್ತಿರದ ಊಹೆ. ಈಗ ಆ ತಟ್ಟೆ ಬದಲಾಗುತ್ತಿದೆ. ಸಕ್ಕರೆ ಕಾಯಿಲೆ ಬಂದವರ ಮನೆಯಲ್ಲಿ ರಾತ್ರಿಯ ಅನ್ನದ ಜಾಗಕ್ಕೆ ಚಪಾತಿ ಬಂದಿದೆ, ಮಕ್ಕಳ ತಿಂಡಿಗೆ ಬಿಸ್ಕತ್ತು ನೂಡಲ್ಸ್, ಬೇಕರಿಯಿಂದ ಬನ್ನು ರಸ್ಕು. ಊಟಿ, ವಯನಾಡಿನ ದಾರಿಗಳು ಕವಲೊಡೆಯುವ ಗುಂಡ್ಲುಪೇಟೆಯ ಹೋಟೆಲುಗಳಲ್ಲಿ ಪರೋಟ ದಿನನಿತ್ಯದ ಊಟವಾಗಿದೆ. ಹಾಗಾಗಿ ಸೀಲಿಯಾಕ್ ಇಲ್ಲಿ ಅಪರೂಪ ಎಂಬುದು ಹೆದರಬೇಡಿ ಎನ್ನುವುದಕ್ಕೆ ಸಾಕು, ಪರೀಕ್ಷೆ ಬೇಡ ಎನ್ನುವುದಕ್ಕೆ ಸಾಲದು.

ಮೊದಲು ರಕ್ತ ಕೊಡಿ

ಸೀಲಿಯಾಕ್ ಪತ್ತೆಗೆ ಮೊದಲು ಮಾಡುವುದು ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ. ಕೆಲವರ ದೇಹದಲ್ಲಿ ಐಜಿಎ ಎಂಬ ಪ್ರತಿಕಾಯವೇ ಕಡಿಮೆ ಇರುವುದರಿಂದ ಕಾಯಿಲೆ ಇದ್ದರೂ ಫಲಿತಾಂಶ ಸರಿಯಾಗಿದೆ ಎಂದು ಬರಬಹುದು. ಆದ್ದರಿಂದ ಒಟ್ಟು ಐಜಿಎ ಪ್ರಮಾಣವನ್ನೂ ಜೊತೆಗೇ ನೋಡಿಸುವುದು ಒಳ್ಳೆಯದು. ಟಿಟಿಜಿ ಏರಿದ್ದರೆ ವೈದ್ಯರು ಎಂಡೋಸ್ಕೋಪಿ ಮಾಡಿ, ಸಣ್ಣಕರುಳಿನ ಆರಂಭದ ಭಾಗದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇಲ್ಲೇ ಇಡೀ ವಿಷಯದ ಗಂಟು ಇರುವುದು. ಈ ಎರಡೂ ಪರೀಕ್ಷೆಗಳು ಹುಡುಕುವುದು ಗ್ಲುಟೆನ್ ಮಾಡಿದ ಗಾಯದ ಗುರುತನ್ನು. ಗೋಧಿ ನಿಲ್ಲಿಸಿದರೆ ರಕ್ತದಲ್ಲಿನ ಪ್ರತಿಕಾಯ ಇಳಿಯುತ್ತಾ ಹೋಗುತ್ತದೆ, ಕರುಳು ಮಾಯಲು ತೊಡಗುತ್ತದೆ, ಗುರುತು ಅಳಿಸಿಹೋಗುತ್ತದೆ. ಆಗ ಕಾಯಿಲೆ ಇದ್ದವರಿಗೂ ಇಲ್ಲ ಎಂಬ ಚೀಟಿ ಸಿಗುತ್ತದೆ. ಈಗಾಗಲೇ ಬಿಟ್ಟವರು ಪರೀಕ್ಷೆಗಾಗಿ ಮತ್ತೆ ವಾರಗಟ್ಟಲೆ ಗೋಧಿ ತಿನ್ನಬೇಕಾಗುತ್ತದೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ, ಕನಿಷ್ಠ 6 ವಾರ ತಿಂದು ಬನ್ನಿ ಎನ್ನುವುದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ. ರಾಗಿ ಉಣ್ಣುವ ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ಎಚ್ಚರಿಕೆಯಿದೆ. ವಾರಕ್ಕೊಮ್ಮೆ ಮಾತ್ರ ಚಪಾತಿ ತಿನ್ನುವವರ ಪರೀಕ್ಷೆಯೂ ದಾರಿ ತಪ್ಪಿಸಬಹುದು. ದಿನಕ್ಕೆ ಎಷ್ಟು ಗೋಧಿ ತಿನ್ನುತ್ತೀರಿ ಎಂದು ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಬಿಟ್ಟರೆ ಆರಾಮ ಆಗುತ್ತದಲ್ಲ, ಮತ್ತೆ ಪರೀಕ್ಷೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ದಿನಗೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರಿಗೆ ಅದು ಇನ್ನೂ ದೊಡ್ಡ ಪ್ರಶ್ನೆ. ಉತ್ತರ ಇಷ್ಟು: ಸೀಲಿಯಾಕ್ ಇದ್ದವರು ಗ್ಲುಟೆನ್ನನ್ನು ಜೀವಮಾನವಿಡೀ ಚಿಟಿಕೆಯಷ್ಟೂ ಬಿಡದೆ ದೂರವಿಡಬೇಕು, ಅಸಹಿಷ್ಣುತೆ ಮಾತ್ರ ಇದ್ದವರು ಹಾಗೆ ಮಾಡಬೇಕಾಗಿಲ್ಲ. ಯಾವುದೆಂದು ಗೊತ್ತಿಲ್ಲದವರು ಮೈ ಹಗುರಾಗಿರುವಾಗ ಮದುವೆ ಮನೆಯ ಹೋಳಿಗೆ ತಿನ್ನುತ್ತಾರೆ, ಕಷ್ಟವಾದಾಗ ಬಿಡುತ್ತಾರೆ. ನೋವಿಲ್ಲದೆಯೂ ಕರುಳು ಸವೆಯಬಲ್ಲದು, ಮೂಳೆ ಸೊರಗಬಲ್ಲದು. ಅಷ್ಟೇ ಅಲ್ಲ, ಸೀಲಿಯಾಕ್ ಮನೆತನದಲ್ಲಿ ಹರಿದುಬರುವ ಕಾಯಿಲೆ. ಒಬ್ಬರಿಗೆ ಖಚಿತವಾದರೆ ಅವರ ಮಕ್ಕಳು, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಂದೆತಾಯಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಬ್ಬರ ಒಂದು ದಿನದ ಓಡಾಟ ಇಡೀ ಮನೆಗೆ ಉಪಯೋಗಕ್ಕೆ ಬರುತ್ತದೆ. ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, ಮೊದಲು ಅಲ್ಲಿ ವೈದ್ಯರನ್ನು ಕಂಡು ಈ ಪರೀಕ್ಷೆಯ ಹೆಸರು ಹೇಳಿ ಕೇಳಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಬಿಡದ ಜ್ವರ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ತೊಂದರೆ ಇವುಗಳಲ್ಲಿ ಯಾವುದಿದ್ದರೂ ಪಥ್ಯದ ಪ್ರಯೋಗ ಆಮೇಲೆ, ವೈದ್ಯರು ಮೊದಲು. ಮಕ್ಕಳನ್ನೂ ಬಸುರಿಯರನ್ನೂ ವೈದ್ಯರ ಸಲಹೆಯಿಲ್ಲದೆ ಇಂಥ ಪ್ರಯೋಗಕ್ಕೆ ಹಚ್ಚಬಾರದು.

ಲೆಕ್ಕವಿಟ್ಟು ಬಿಡಿ

ರಕ್ತಪರೀಕ್ಷೆಯಲ್ಲಿ ಸೀಲಿಯಾಕ್ ಇಲ್ಲ ಎಂದಾಯಿತು, ಅಲರ್ಜಿಯ ಲಕ್ಷಣವೂ ಇಲ್ಲ, ಆದರೂ ತೊಂದರೆ ಇದೆ. ಆಗ ಗೋಧಿ ಬಿಟ್ಟು ನೋಡುವ ಕಾಲ ಬಂತು. ಮಕ್ಕಳ ಹಳೆಯ ನೋಟ್‌ಬುಕ್ ಒಂದನ್ನು ತೆಗೆದುಕೊಳ್ಳಿ. ಮೊದಲ ಒಂದೆರಡು ವಾರ ಏನನ್ನೂ ಬಿಡಬೇಡಿ, ಬರೆಯಿರಿ ಅಷ್ಟೇ. ಏನು ತಿಂದಿರಿ, ಯಾವಾಗ ತಿಂದಿರಿ, ಹೆಚ್ಚು ಕಾಡುವ ಎರಡು ಮೂರು ತೊಂದರೆಗಳಿಗೆ ಆ ದಿನ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಯಿರಿ. ಆಮೇಲೆ 6 ವಾರ ಗೋಧಿ, ಮೈದಾ, ರವೆ, ಬಾರ್ಲಿ ಇಲ್ಲದ ಊಟ. ಅಂಕ ಬರೆಯುವುದು ನಿಲ್ಲಬಾರದು. ಈ ಕ್ಷೇತ್ರದ ತಜ್ಞರು 2015ರಲ್ಲಿ ಒಪ್ಪಿಕೊಂಡ ಅಳತೆಯ ಪ್ರಕಾರ ಅಂಕ ಕನಿಷ್ಠ ಶೇಕಡ 30ರಷ್ಟು ಇಳಿದರೆ ಮಾತ್ರ ಅದನ್ನು ಸುಧಾರಣೆ ಎನ್ನಬಹುದು. ಮೊದಲು ಹತ್ತಕ್ಕೆ 7 ಇದ್ದದ್ದು 5ಕ್ಕಿಂತ ಕೆಳಗೆ ಬಂದರೆ ಅರ್ಥವಿದೆ, 6 ಆದರೆ ಇಲ್ಲ. ಈ ಅವಧಿಯಲ್ಲಿ ಬೇರೆ ಯಾವ ಬದಲಾವಣೆಯನ್ನೂ ಮಾಡಬಾರದು. ಗೋಧಿಯ ಜೊತೆಗೇ ಹಾಲನ್ನೂ ಬಿಟ್ಟರೆ ಗುಣ ಯಾವುದರಿಂದ ಎಂದು ತಿಳಿಯದು. ವಯಸ್ಕರಲ್ಲಿ ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬುವುದು ದಕ್ಷಿಣ ಭಾರತದಲ್ಲಿ ಬಹಳ ಸಾಮಾನ್ಯ. ಚಪಾತಿಯ ಮೇಲೆ ಹೊರಿಸಿದ ಅಪವಾದ ದಿನಕ್ಕೆ ನಾಲ್ಕು ಸಲ ಕುಡಿಯುವ ಕಾಫಿ ಟೀಯದ್ದೂ ಆಗಿರಬಹುದು.

ತಟ್ಟೆಗೆ ಏನು ಬಡಿಸುವುದು ಎಂಬ ಚಿಂತೆ ಇಲ್ಲಿ ಕಡಿಮೆ. ಹಿಟ್ಟು, ಅನ್ನ, ಬಸ್ಸಾರು, ಉಪ್ಸಾರು, ಹುರಳಿಕಾಳು ಸಾರು, ಮೊಟ್ಟೆ, ಮೀನು, ಮಾಂಸ, ಮಜ್ಜಿಗೆ ಯಾವುದಕ್ಕೂ ತಡೆಯಿಲ್ಲ. ಬೆಳಿಗ್ಗೆಗೆ ಇಡ್ಲಿ, ಮನೆಯ ದೋಸೆ, ಅಕ್ಕಿರೊಟ್ಟಿ, ರಾಗಿರೊಟ್ಟಿ, ಅವಲಕ್ಕಿ, ಚಿತ್ರಾನ್ನ. ಉಪ್ಪಿಟ್ಟು ಬೇಕೇ ಬೇಕೆಂದರೆ ಅಕ್ಕಿತರಿಯದೋ ನವಣೆಯದೋ ಮಾಡಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದು, ಗೋಧಿ ಬಿಟ್ಟವರ ಮೂಳೆಗೆ ಅದು ಆಸರೆ. ಪೇಟೆಯ ದುಬಾರಿ ಗ್ಲುಟೆನ್‌ರಹಿತ ಬಿಸ್ಕತ್ತು, ಬ್ರೆಡ್ಡುಗಳ ಹಂಗು ಬೇಕಿಲ್ಲ. ಅವುಗಳಲ್ಲಿ ಬಹುಪಾಲು ಪಿಷ್ಟ, ಸಕ್ಕರೆ, ಎಣ್ಣೆಯೇ. ಸಕ್ಕರೆ ಕಾಯಿಲೆಯವರು ಒಂದು ಮಾತು ನೆನಪಿಡಬೇಕು: ಚಪಾತಿ ಬಿಟ್ಟ ಜಾಗವನ್ನೆಲ್ಲ ಅನ್ನದಿಂದ ತುಂಬಿದರೆ ಸಕ್ಕರೆ ಏರುತ್ತದೆ. ಕಾಳು, ಸೊಪ್ಪು, ತರಕಾರಿ ಹೆಚ್ಚಿಸಿ, ಮಾತ್ರೆ ಇನ್ಸುಲಿನ್ ಕೊಡುವ ವೈದ್ಯರಿಗೆ ಮೊದಲೇ ತಿಳಿಸಿ.

ಕಷ್ಟವಿರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ಅಂಗಡಿಯ ಇಂಗಿನ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದರೆ, ಇಂಗಿನ ಜೊತೆ ಗೋಧಿಹಿಟ್ಟೋ ಮೈದಾವೋ ಬೆರೆತಿರುವುದು ಅನೇಕ ಸಲ ಕಾಣುತ್ತದೆ. ರಾಗಿ ಬಿಸ್ಕತ್ತು ಎಂದು ದೊಡ್ಡದಾಗಿ ಬರೆದ ಪೊಟ್ಟಣದ ಪಟ್ಟಿಯಲ್ಲಿ ಮೊದಲು ನಿಂತಿರುವುದು ಮೈದಾ ಇರಬಹುದು. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ, ಗೋಬಿ ಮಂಚೂರಿಯ ಲೇಪದಲ್ಲಿ ಮೈದಾ, ಸೋಯಾ ಸಾಸಿನಲ್ಲಿ ಗೋಧಿ, ಹೋಟೆಲಿನ ದೋಸೆಹಿಟ್ಟಿನಲ್ಲಿ ಒಂದು ಹಿಡಿ ರವೆ. ಇನ್ನು ಹಿಟ್ಟಿನ ಮಿಲ್ಲು. ಹಿಂದಿನವರ ಗೋಧಿ ಬೀಸಿ ಮುಗಿದ ಕೂಡಲೇ ಅದೇ ಕಲ್ಲಿಗೆ ನಿಮ್ಮ ರಾಗಿ ಬೀಳುತ್ತದೆ. ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಬಿಳಿ ಹಿಟ್ಟು ಅಂಟಿಕೊಂಡೇ ಇರುತ್ತದೆ. ಭಾರತದ ಆಹಾರ ಸುರಕ್ಷತೆ ಪ್ರಾಧಿಕಾರದ ನಿಯಮದಂತೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್‌ರಹಿತ ಎಂದು ಮಾರುವಂತಿಲ್ಲ. ಗೋಧಿಹಿಟ್ಟಿನಲ್ಲಿ ನೂರಕ್ಕೆ ಸುಮಾರು 8 ಪಾಲು ಗ್ಲುಟೆನ್ ಎಂದು ಹಿಡಿದರೆ, ಒಂದು ಕಿಲೋ ರಾಗಿಹಿಟ್ಟಿಗೆ ಕಾಲು ಗ್ರಾಂ ಗೋಧಿಹಿಟ್ಟು ಬೆರೆತರೂ ಆ ಮಿತಿ ಮುಟ್ಟುತ್ತದೆ. ಕಾಲು ಗ್ರಾಂ ಎಂದರೆ ಒಂದು ಚಿಟಿಕೆ. ಸೀಲಿಯಾಕ್ ಖಚಿತವಾದವರು ಆದ್ದರಿಂದ ರಾಗಿ, ಅಕ್ಕಿಯನ್ನು ಮನೆಯಲ್ಲೇ ಬೀಸಿಕೊಳ್ಳಬೇಕು, ಇಲ್ಲವೇ ಗೋಧಿ ಹಾಕದ ಕಲ್ಲನ್ನು ಹುಡುಕಬೇಕು. ಅಸಹಿಷ್ಣುತೆಯ ಅನುಮಾನಕ್ಕೆ ಆರು ವಾರ ಬಿಟ್ಟು ನೋಡುವವರಿಗೆ ಇಷ್ಟು ಕಟ್ಟುನಿಟ್ಟು ಬೇಡ. ಬೆಳಿಗ್ಗೆ ಮಿಲ್ಲು ಸ್ವಚ್ಛವಾಗಿರುವಾಗ ಮೊದಲಿಗರಾಗಿ ಹೋದರೆ ಸಾಕು. ಪರೀಕ್ಷೆ ಮೊದಲು ಎನ್ನುವುದು ಇದಕ್ಕೇ, ಎಷ್ಟು ಬಿಗಿ ಬೇಕು ಎಂಬುದನ್ನು ಅದು ಹೇಳುತ್ತದೆ.

ಮತ್ತೆ ತಿಂದು ನೋಡಿ

ಆರು ವಾರ ಕಳೆದು ಹೊಟ್ಟೆ ಹಗುರಾಗಿದೆ ಎಂದುಕೊಳ್ಳಿ. ಆಗ ಮತ್ತೆ ಗೋಧಿ ತಿನ್ನಿ ಎಂದರೆ ಯಾರಿಗೂ ಇಷ್ಟವಾಗದು. ಆದರೆ ಈ ಹೆಜ್ಜೆ ಇಲ್ಲದೆ ಹಿಂದಿನದ್ದಕ್ಕೆ ಬೆಲೆಯಿಲ್ಲ. ಇದಕ್ಕೊಂದು ಹಳೆಯ ಉದಾಹರಣೆಯಿದೆ. ಗೋಧಿಗೂ ಸೀಲಿಯಾಕ್‌ಗೂ ಇರುವ ನಂಟನ್ನು ಸಾಧಿಸಿ ತೋರಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಂ ಡಿಕೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಆ ದೇಶಕ್ಕೆ ಬ್ರೆಡ್ಡು ಸಿಗದೆ ಜನ ಹಸಿವಿನಿಂದ ಸತ್ತರು. ಅದೇ ಹೊತ್ತಿನಲ್ಲಿ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಮಕ್ಕಳು ಮತ್ತೆ ಕಾಯಿಲೆ ಬಿದ್ದರು. ಡಿಕೆಯವರ ಪ್ರಬಂಧ 1950ರಲ್ಲಿ ಹೊರಬಂತು. ಬಿಟ್ಟಾಗ ಗುಣವಾದದ್ದೊಂದೇ ಇದ್ದಿದ್ದರೆ ಅದಕ್ಕೆ ನೂರು ಕಾರಣ ಹೇಳಬಹುದಿತ್ತು, ತಿಂದಾಗ ಮರುಕಳಿಸಿದ್ದು ಗುಮಾನಿಯನ್ನು ಪುರಾವೆಯಾಗಿಸಿತು. ನಮ್ಮ ಹೊಟ್ಟೆಯ ವಿಚಾರದಲ್ಲೂ ಹಾಗೆಯೇ. ಗೋಧಿ ಬಿಟ್ಟವರು ಅದರ ಜೊತೆಗೇ ಬೇಕರಿ ತಿನಿಸು, ಎಣ್ಣೆಯಲ್ಲಿ ಅದ್ದಿದ ಪರೋಟ, ಹೊತ್ತಲ್ಲದ ಹೊತ್ತಿನ ಹೋಟೆಲ್ ಊಟವನ್ನೂ ಬಿಟ್ಟಿರುತ್ತಾರೆ. ಆರಾಮ ಸಿಕ್ಕಿದ್ದು ಯಾವುದನ್ನು ಬಿಟ್ಟದ್ದರಿಂದ ಎಂಬುದು ತಿಂದು ನೋಡಿದರೇನೇ ತಿಳಿಯುವುದು.

ಮನಸ್ಸಿನ ಪಾಲೂ ಇದರಲ್ಲಿ ಸಣ್ಣದಲ್ಲ. ಗೋಧಿ ಆಗಿಬರಲ್ಲ ಎಂದು ನಂಬಿದವರಿಗೆ, ಏನು ಕೊಡುತ್ತಿದ್ದೇವೆಂದು ತಿಳಿಸದೆ ಒಮ್ಮೆ ಗ್ಲುಟೆನ್, ಒಮ್ಮೆ ಅದಿಲ್ಲದ ತಿನಿಸು ಕೊಟ್ಟು ನೋಡಿದ ಹತ್ತು ಪ್ರಯೋಗಗಳನ್ನು 2017ರಲ್ಲಿ ಒಟ್ಟಿಗೆ ಪರಿಶೀಲಿಸಲಾಯಿತು. ಗ್ಲುಟೆನ್‌ನಿಂದಲೇ ತೊಂದರೆ ಎಂದು ಸ್ಪಷ್ಟವಾದದ್ದು ನೂರಕ್ಕೆ ಸುಮಾರು 16 ಮಂದಿಯಲ್ಲಿ. ನೂರಕ್ಕೆ 40 ಮಂದಿಗೆ ಗ್ಲುಟೆನ್ ಇಲ್ಲದ ತಿನಿಸಿನಲ್ಲೂ ಹೊಟ್ಟೆ ಕೆಟ್ಟಿತ್ತು. ಅವರ ನೋವು ಸುಳ್ಳು ಎಂದು ಇದರ ಅರ್ಥವಲ್ಲ, ನೋವಿಗೆ ಕಟ್ಟಿದ ಹೆಸರು ತಪ್ಪು ಎಂದಷ್ಟೇ ಅರ್ಥ. ಈ ಪ್ರಯೋಗವನ್ನು ರಾಗಿ ತಿನ್ನುವ ಮನೆಯಲ್ಲೂ ಮಾಡಬಹುದು. ರಾಗಿರೊಟ್ಟಿಯ ಕಂದು ಬಣ್ಣದಲ್ಲಿ, ಈರುಳ್ಳಿ ಸೊಪ್ಪಿನ ಘಮದಲ್ಲಿ ಸ್ವಲ್ಪ ಗೋಧಿಹಿಟ್ಟು ಅಡಗಿಹೋಗುತ್ತದೆ. ಸೀಲಿಯಾಕ್ ಮತ್ತು ಅಲರ್ಜಿ ಇಲ್ಲವೆಂದು ಖಾತ್ರಿಯಾದ ಮೇಲೆ, ತಿನ್ನುವವರ ಒಪ್ಪಿಗೆ ಪಡೆದು, ಮನೆಯಲ್ಲೊಬ್ಬರು ಒಂದು ವಾರ ಗೋಧಿ ಬೆರೆಸಿದ ರೊಟ್ಟಿ, ನಡುವೆ ಒಂದು ವಾರ ಬಿಡುವು, ಇನ್ನೊಂದು ವಾರ ಬರೀ ರಾಗಿಯ ರೊಟ್ಟಿ ತಟ್ಟಿಕೊಡಲಿ. ಯಾವ ವಾರ ಯಾವುದು ಎಂದು ಚೀಟಿಯಲ್ಲಿ ಬರೆದು ಮಡಿಚಿಡಲಿ. ತಿನ್ನುವವರು ಅಂಕ ಬರೆಯುತ್ತಾ ಹೋಗಲಿ. ಕೊನೆಗೆ ಚೀಟಿ ಬಿಚ್ಚಿ ಅಂಕಗಳ ಪಕ್ಕದಲ್ಲಿಟ್ಟು ನೋಡಿ.

ಗೋಧಿ ವಾರದಲ್ಲೇ ತೊಂದರೆ ಏರಿದ್ದರೆ ಗೋಧಿ ಅಪರಾಧಿ, ಆದರೆ ಅದರ ಗ್ಲುಟೆನ್ನೇ ಅಪರಾಧಿ ಎನ್ನಲು ಇನ್ನೂ ಆತುರ ಬೇಡ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಇನ್ನೊಂದು ವಸ್ತುವಿದೆ. ಅದು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಹೋಗಿ, ಅಲ್ಲಿ ಹುದುಗಿ, ಗಾಳಿ ಎಬ್ಬಿಸುತ್ತದೆ. ನಾರ್ವೆಯಲ್ಲಿ 59 ಮಂದಿಗೆ ಗ್ಲುಟೆನ್, ಫ್ರಕ್ಟಾನ್, ಎರಡೂ ಇಲ್ಲದ ತಿನಿಸು ಹೀಗೆ ಮೂರು ಬಗೆ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹೊಟ್ಟೆಯ ತೊಂದರೆ ಹೆಚ್ಚಾಗಿದ್ದು ಫ್ರಕ್ಟಾನ್ ತಿಂದ ವಾರದಲ್ಲಿ, ಗ್ಲುಟೆನ್ ತಿಂದ ವಾರದಲ್ಲಲ್ಲ. ಇದೇ ಫ್ರಕ್ಟಾನ್ ಈರುಳ್ಳಿ ಬೆಳ್ಳುಳ್ಳಿಯಲ್ಲೂ ಧಾರಾಳವಾಗಿದೆ. ಗುಂಡ್ಲುಪೇಟೆಯ ಹೊಲಗಳ ಈರುಳ್ಳಿ ಮೂರು ಹೊತ್ತೂ ಒಗ್ಗರಣೆಗೆ ಬೀಳುವ ಮನೆಯಲ್ಲಿ ಗೋಧಿಯನ್ನು ಮಾತ್ರ ಹೊರಗಟ್ಟಿದವರಿಗೆ ಅರ್ಧ ಗುಣವಾಗಿ ಅರ್ಧ ಉಳಿಯುವುದು ಇದರಿಂದ ಇರಬಹುದು. ಅಂಥವರು ಮುಂದಿನ ಪ್ರಯೋಗವನ್ನು ಈರುಳ್ಳಿ ಬೆಳ್ಳುಳ್ಳಿ ಕಡಿಮೆ ಮಾಡಿ, ಮತ್ತೆ ಹೆಚ್ಚಿಸಿ, ಇದೇ ಪುಸ್ತಕದಲ್ಲಿ ಬರೆದು ನೋಡಬೇಕು. ಫ್ರಕ್ಟಾನ್ ಒಗ್ಗದವರಿಗೆ ಒಂದು ಚಪಾತಿ ನಡೆಯಬಹುದು, ನಾಲ್ಕು ನಡೆಯದಿರಬಹುದು. ಪ್ರಮಾಣ ಇಳಿಸಿಕೊಂಡರೆ ಸಾಕಾಗುವವರು ಪೂರ್ತಿ ಬಿಡುವ ಕಷ್ಟವನ್ನೇಕೆ ಪಡಬೇಕು?

ಗೋಧಿ ಎಲ್ಲರಿಗೂ ವಿಷ, ಎಲ್ಲರೂ ಬಿಡುವುದೇ ಒಳ್ಳೆಯದು ಎಂಬ ಮಾತಿಗೆ ಈ ಪುರಾವೆಗಳಲ್ಲಿ ಆಧಾರವಿಲ್ಲ. ರಾಗಿ ತಿನ್ನುವುದಕ್ಕೆ ಗೋಧಿಯನ್ನು ಬಯ್ಯಬೇಕಾಗಿಯೂ ಇಲ್ಲ, ರಾಗಿ ತನ್ನ ಗುಣದಿಂದಲೇ ನಿಲ್ಲುವ ಧಾನ್ಯ. ಆರು ವಾರದಲ್ಲಿ ಏನೂ ಬದಲಾಗದಿದ್ದರೆ ಗೋಧಿಯ ಮೇಲಿನ ದೂರನ್ನು ಹಿಂತೆಗೆದುಕೊಂಡು, ಆ ನೋಟ್‌ಬುಕ್ಕನ್ನೇ ವೈದ್ಯರ ಮುಂದಿಡಿ. ಏಳೆಂಟು ವಾರಗಳ ಊಟ, ಏಳೆಂಟು ವಾರಗಳ ಅಂಕ ಅವರಿಗೆ ಹಾಲು, ಹುಳು, ಥೈರಾಯ್ಡ್, ಹೊಟ್ಟೆಹುಣ್ಣು ಯಾವ ದಿಕ್ಕಿಗೆ ನೋಡಬೇಕೆಂದು ತೋರಿಸಲು ನೆರವಾಗುತ್ತವೆ. ಗೋಧಿಯೇ ಕಾರಣ ಎಂದಾದರೆ ನಿಮ್ಮ ಮಿತಿ ಎಷ್ಟೆಂಬುದೂ ಅದರಲ್ಲೇ ಬರೆದಿರುತ್ತದೆ. ಮುಂದಿನ ಯುಗಾದಿಗೆ ಹೋಳಿಗೆ ಬಡಿಸುವಾಗ ಒಂದು ಸಾಕು ಎನ್ನಬೇಕೋ, ಬೇಡ ಎಂದು ಕೈ ಅಡ್ಡ ಹಿಡಿಯಬೇಕೋ, ತುಪ್ಪ ಹಾಕಿಸಿಕೊಂಡು ಇನ್ನೊಂದು ಕೇಳಬಹುದೋ ಎಂಬುದನ್ನು ಅನುಮಾನದಿಂದಲ್ಲ, ತಿಳಿದು ಹೇಳುವಂತಾಗುತ್ತದೆ.